ದಾರಿ ತಪ್ಪಿದ ಕಡಲ ಹಕ್ಕಿಗೆ ಕಾಪು ದಡವೋ, ಮಲ್ಪೆ ಬೋಟೋ?

ಮಳೆಗಾಲದ ಗಾಳಿಗೆ ಸಿಕ್ಕಿ ನಮ್ಮ ಕರಾವಳಿಗೆ ಬಂದು ಸೇರುವ ಕಡಲ ಹಕ್ಕಿಗಳನ್ನು ನೋಡಲು ಬೆಂಗಳೂರಿನಿಂದ ಹೋಗುವವರಿಗೆ ಎರಡು ದಾರಿ. ಉಡುಪಿ ಹತ್ತಿರದ ಕಾಪು ದಡದಲ್ಲಿ ಸ್ಕೋಪ್ (ದೂರದ ಹಕ್ಕಿ ನೋಡುವ ದುರ್ಬೀನು) ಇಟ್ಟುಕೊಂಡು ಕೂರುವುದು. ಇಲ್ಲವೇ ನಾಲ್ಕೈದು ಜನ ದುಡ್ಡು ಹಾಕಿ ಮಲ್ಪೆಯಿಂದ ಬೋಟ್ ಮಾಡಿಕೊಂಡು ಹೋಗುವುದು. ಎರಡನ್ನೂ ಮಾಡಿ ನೋಡಿದ್ದೇನೆ. ನನ್ನ ಓಟು ಕಾಪುವಿಗೆ.

ಬೋಟಿನ ತೊಂದರೆ ಒಂದೇ, ಆದರೆ ದೊಡ್ಡದು. ಸೂಟಿ ಟರ್ನ್, ಬ್ರೌನ್ ನಾಡಿ ಲಕ್ಷದ್ವೀಪದ ಪಿಟ್ಟಿ ದ್ವೀಪದಂಥ ಕಡೆ ಮೊಟ್ಟೆ ಇಡುವ ಹಕ್ಕಿಗಳು. ಸುಮ್ನೆ ನಮ್ಮ ದಡದ ಹತ್ತಿರ ಸುಳಿಯುವುದಿಲ್ಲ. ಕಡಲ ಕಡೆಯಿಂದ ಗಾಳಿ ಬಿಡದೆ ಬೀಸಿದಾಗಲೇ ಅವು ಕಾಣಲು ಚಾನ್ಸ್ ಜಾಸ್ತಿ. ಅದೇ ಗಾಳಿಗೆ ಬೋಟುಗಳು ಬಂದರು ಬಿಟ್ಟು ಕದಲುವುದಿಲ್ಲ. ಸಾಲದ್ದಕ್ಕೆ ಜೂನ್ 1ರಿಂದ ಜುಲೈ 31ರವರೆಗೆ, ಅಂದರೆ ಗಾಳಿ ಜೋರಾಗಿರುವ 61 ದಿನ, ಯಾಂತ್ರಿಕ ಮೀನುಗಾರಿಕೆಗೆ ನಿಷೇಧ.

ನಾವು ಆಗಸ್ಟ್ ಕೊನೆಗೆ ಬೋಟ್ ಗೊತ್ತು ಮಾಡಿದೆವು. ಮುಂಗಡ ಕೊಟ್ಟು, ಎಲ್ಲರೂ ರಜೆ ಹಾಕಿ, ರಾತ್ರಿ ರೈಲು ಹಿಡಿದು ಉಡುಪಿ ಸೇರಿದರೆ ಬೆಳಗಿನ ಜಾವವೇ ಬೋಟಿನವರ ಫೋನ್: "ಕಡಲು ಜೋರುಂಟು ಸಾರ್, ಇವತ್ತು ಹೋಗ್ಲಿಕ್ಕೆ ಆಗುದಿಲ್ಲ." ಅವರು ಹೇಳಿದ್ದು ಸರಿ, ಅಂಥ ಕಡಲಿಗೆ ಇಳಿಯಿರಿ ಎಂದು ಯಾರೂ ಒತ್ತಾಯ ಮಾಡಬಾರದು. ಆದರೆ ಮುಂಗಡ ವಾಪಸ್ ಬರಲಿಲ್ಲ. "ಮುಂದಿನ ಸಲಕ್ಕೆ ಹಿಡಿಯುವ" ಎಂದರು. ಮುಂದಿನ ಸಲ ಎಲ್ಲರಿಗೂ ಒಟ್ಟಿಗೆ ರಜೆ ಸಿಗಬೇಕಲ್ವಾ? ಒಬ್ಬರು ತಪ್ಪಿಸಿಕೊಂಡರೆ ಉಳಿದವರ ಪಾಲು ಏರುತ್ತದೆ. ನಮಗೆ ಆದದ್ದೂ ಅದೇ.

ಕೊನೆಗೆ ಕಡಲು ತಣ್ಣಗಾದ ಮೇಲೆ ಹೋದೆವು. ವಿಲ್ಸನ್ಸ್ ಸ್ಟಾರ್ಮ್ ಪೆಟ್ರೆಲ್ ಸಿಕ್ಕಿತು. ಅಂಟಾರ್ಕ್ಟಿಕ ಕಡೆ ಮರಿ ಮಾಡುವ, ಗುಬ್ಬಚ್ಚಿಗಿಂತ ತುಸು ದೊಡ್ಡ ಹಕ್ಕಿ. ಉದ್ದ ಕಾಲು ಇಳಿಬಿಟ್ಟು ನೀರನ್ನು ತಟ್ಟುತ್ತಾ ಬೋಟಿನ ಪಕ್ಕದಲ್ಲೇ ಹೋಯಿತು. ಅದನ್ನು ದಡದಿಂದ ಅಷ್ಟು ಹತ್ತಿರ ನೋಡುವುದು ಕಷ್ಟ, ಒಪ್ಪುತ್ತೇನೆ. ಆದರೆ ಅದು ದಾರಿ ತಪ್ಪಿದ ಹಕ್ಕಿಯಲ್ಲ, ತನ್ನ ಕಡಲಲ್ಲೇ ಇದ್ದ ಹಕ್ಕಿ. ಜೊತೆಗೆ ಬೋಟಿನ ಕುಲುಕಾಟದಲ್ಲಿ ಸ್ಕೋಪ್ ಬ್ಯಾಗಿನಿಂದ ಹೊರಗೇ ಬರಲಿಲ್ಲ.

ಕಾಪುವಿಗೆ ಇಷ್ಟು ತಯಾರಿ ಬೇಡ. ಮೀನುಗಾರರು ಕಡಲಿಗೆ ಇಳಿಯಬಾರದು ಎಂದು ಹವಾಮಾನ ಇಲಾಖೆ ಎಚ್ಚರಿಕೆ ಕೊಟ್ಟ ದಿನವೇ ನಾನು ಟಿಕೆಟ್ ನೋಡುತ್ತೇನೆ. ಉಡುಪಿಯಿಂದ ಮಂಗಳೂರು ಕಡೆ ಹೋಗುವ ಬಸ್ಸು ಹಿಡಿದು ಕಾಪುವಿನಲ್ಲಿ ಇಳಿದು, 1901ರ ದೀಪಸ್ತಂಭದ ಕಡೆ ನಡೆದರಾಯಿತು. ಮಳೆಗಾಲದಲ್ಲಿ ಬಂಡೆ ಮಾತ್ರ ಹತ್ತಬೇಡಿ. ಮರಳಿನ ಮೇಲ್ಭಾಗದಲ್ಲಿ ಗೋಡೆಯ ಮರೆ ಹುಡುಕಿ, ಟ್ರೈಪಾಡ್ ತಗ್ಗಿಸಿ ಕೂತರೆ ಸಾಕು. ಉಪ್ಪು ನೀರಿನ ಹನಿ ಲೆನ್ಸ್ ಮೇಲೆ ಕೂರುತ್ತಲೇ ಇರುತ್ತದೆ. ಬಟ್ಟೆಯಲ್ಲಿ ಉಜ್ಜಿದರೆ ಗೀರು ಬೀಳುತ್ತದೆ, ಮೊದಲು ಸಿಹಿನೀರು ಹಾಕಿ ತೊಳೆಯಿರಿ.

ಅಲ್ಲಿ ನೋಡಿದ ಸೂಟಿ ಟರ್ನ್ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಬೆನ್ನು ಮಸಿಗಪ್ಪು, ಹೊಟ್ಟೆ ಬಿಳಿ, ಹಣೆಯ ಮೇಲೆ ಬಿಳಿ ಪಟ್ಟಿ, ಸೀಳಿದ ಬಾಲ. ಗಾಳಿಗೆ ಎದುರಾಗಿ ಹಾರುತ್ತಾ ಇದ್ದಲ್ಲೇ ಇತ್ತು. ನೋಡಲು ಬೇಕಾದಷ್ಟು ಹೊತ್ತು ಸಿಕ್ಕಿತು.

ಇಂಥ ಹಕ್ಕಿ ಸುಸ್ತಾಗಿ ಮರಳಿನಲ್ಲಿ ಕೂತಿದ್ದರೆ ದಯವಿಟ್ಟು ಎತ್ತಿ ನೀರಿಗೆ ಎಸೆಯಬೇಡಿ. ಸೂಟಿ ಟರ್ನ್‌ನ ಗರಿ ನೀರನ್ನು ಅಷ್ಟಾಗಿ ತಡೆಯುವುದಿಲ್ಲ, ನೆನೆದರೆ ಮುಳುಗುತ್ತದೆ. ನಾಯಿಗಳನ್ನು ದೂರವಿಟ್ಟು ಅರಣ್ಯ ಇಲಾಖೆಗೆ ತಿಳಿಸಿ. ಫೋಟೋ ಆಮೇಲೆ.

ಕಾಪುವಿಗೂ ಒಂದು ಕಿರಿಕಿರಿ ಇದೆ. ಅಂಥ ಮಳೆಯಲ್ಲಿ ಶಿರಾಡಿ ಘಾಟಿಯಲ್ಲಿ ಗುಡ್ಡ ಕುಸಿದು ರಸ್ತೆ ಬಂದ್ ಆಗುವುದುಂಟು. ವಾಪಸ್ ಬರಲು ಒಂದು ದಿನ ಜಾಸ್ತಿ ಇಟ್ಟುಕೊಳ್ಳಿ.

ಹತ್ತಿರದ ಫೋಟೋನೇ ಬೇಕು, ಜೊತೆಗೆ ಗಟ್ಟಿ ಗುಂಪಿದೆ ಎನ್ನುವವರು ಸೆಪ್ಟೆಂಬರ್‌ನಲ್ಲಿ ಬೋಟಿಗೆ ಹೋಗಲಿ. ನಾನು ಒಬ್ಬನೇ ಹೊರಡುವವನು, ರಜೆ ಕಡಿಮೆ, ಹಕ್ಕಿಗೆಂದು ತೆಗೆದಿಡುವ ದುಡ್ಡೂ ಅಷ್ಟಕ್ಕಷ್ಟೇ. ಬೋಟಿನಲ್ಲಿ ನನ್ನ ಒಂದು ಪಾಲಿನ ಖರ್ಚಿನಲ್ಲಿ ಇಡೀ ಮಳೆಗಾಲ ಕಾಪುವಿಗೆ ಹೋಗಿ ಬರಬಹುದು.