ತುಮಕೂರಿನ ಶನಿವಾರದ ಡಿಸೈನ್ ಪ್ಯಾಟರ್ನ್ ತರಗತಿ: ಐವತ್ತು ರೂಪಾಯಿ ಎಲ್ಲಿ ಹೋಯಿತು?

ತುಮಕೂರಿನ ಎಸ್.ಎಸ್. ಪುರಂನಲ್ಲಿರುವ ತರಬೇತಿ ಕೇಂದ್ರವೊಂದು ಕೆಲಸದಲ್ಲಿರುವವರಿಗಾಗಿ ನಡೆಸುವ ಎಂಟು ಶನಿವಾರಗಳ ಜಾವಾ ಡಿಸೈನ್ ಪ್ಯಾಟರ್ನ್ ತರಗತಿಯನ್ನು ಕಳೆದ ತಿಂಗಳು ಮುಗಿಸಿದೆನು. ಜಾವಾ ಒಂದು ಪ್ರೋಗ್ರಾಮಿಂಗ್ ಭಾಷೆ; ತಂತ್ರಾಂಶ ಬರೆಯುವಾಗ ಮತ್ತೆ ಮತ್ತೆ ಎದುರಾಗುವ ಸಮಸ್ಯೆಗಳಿಗೆ ಇರುವ ಸಿದ್ಧ ವಿನ್ಯಾಸಗಳೇ ಡಿಸೈನ್ ಪ್ಯಾಟರ್ನ್‌ಗಳು. ತಿಪಟೂರಿನ ಕೊಬ್ಬರಿ ವರ್ತಕರೊಬ್ಬರ ಲೆಕ್ಕಪತ್ರದ ತಂತ್ರಾಂಶವನ್ನು ನೋಡಿಕೊಳ್ಳುವುದು ನನ್ನ ಕೆಲಸ. ಉದ್ರಿ ಮೇಲೆ ಸರಕು ಕೊಡಲು ಯಾರ ಒಪ್ಪಿಗೆ ಬೇಕೆಂದು ನಿರ್ಧರಿಸುವ ಇಫ್-ಎಲ್ಸ್ (ಹೀಗಿದ್ದರೆ ಇದು, ಇಲ್ಲದಿದ್ದರೆ ಅದು) ಸಾಲುಗಳು ಅದರಲ್ಲಿ ಬೆಳೆದು ಬೆಳೆದು, ಬರೆದ ನನಗೇ ಅರ್ಥವಾಗದ ಸ್ಥಿತಿಗೆ ಬಂದಿದ್ದರಿಂದ ಈ ತರಗತಿಗೆ ಸೇರಿದೆ.

ಗಾಮಾ, ಹೆಲ್ಮ್, ಜಾನ್ಸನ್ ಮತ್ತು ವ್ಲಿಸಿಡೀಸ್ ಎಂಬ ನಾಲ್ವರು 1994ರಲ್ಲಿ ಪುಸ್ತಕರೂಪದಲ್ಲಿ ಸಂಕಲಿಸಿದ 23 ಪ್ಯಾಟರ್ನ್‌ಗಳನ್ನೂ ಎಂಟೇ ದಿನಗಳಲ್ಲಿ ಮುಗಿಸುವ ಹಟದಿಂದಾಗಿ ಹಲವು ಪ್ಯಾಟರ್ನ್‌ಗಳು ಸ್ಲೈಡಿನಲ್ಲಿ ಬಂದು ಸ್ಲೈಡಿನಲ್ಲೇ ಹೋದವು. ಆದರೆ ಒಂದು ಕೋರಿಕೆಯನ್ನು ಸರಪಳಿಯಂತೆ ಒಬ್ಬರಿಂದ ಮುಂದಿನವರಿಗೆ ದಾಟಿಸುವ ಚೈನ್ ಆಫ್ ರೆಸ್ಪಾನ್ಸಿಬಿಲಿಟಿ ಎಂಬ ಪ್ಯಾಟರ್ನ್‌ಗೆ ಒಂದು ಇಡೀ ಶನಿವಾರ ದೊರೆಯಿತು, ಕೊಟ್ಟ ಶುಲ್ಕಕ್ಕೆ ಆ ಒಂದು ದಿನವೇ ಸಾಕೆನಿಸಿತು.

ಅಧ್ಯಾಪಕರು ಆರಿಸಿಕೊಂಡದ್ದು ಎಟಿಎಂನ ಉದಾಹರಣೆ. 500, 200 ಮತ್ತು 100ರ ನೋಟಿಗೆ ಒಂದೊಂದು ಹ್ಯಾಂಡ್ಲರ್, ಅಂದರೆ ಕೋರಿಕೆಯನ್ನು ನಿರ್ವಹಿಸುವ ಕೊಂಡಿ. ಪ್ರತಿಯೊಂದಕ್ಕೂ ಗೊತ್ತಿರುವುದು ತನ್ನ ಕೆಲಸ ಮತ್ತು ತನ್ನ ಮುಂದಿನ ಹ್ಯಾಂಡ್ಲರ್ ಯಾವುದೆಂಬುದು ಮಾತ್ರ. 1,700 ರೂಪಾಯಿ ಕೇಳಿದಾಗ ಮೂರು ಐನೂರು, ಒಂದು ಇನ್ನೂರು ಸರಿಯಾಗಿಯೇ ಬಂದವು. ಅಷ್ಟರಲ್ಲಿ ಹಿಂದಿನ ಸಾಲಿನಿಂದ ಯಾರೋ 1,750 ಹಾಕಿ ನೋಡಿ ಎಂದರು. ಪ್ರೋಗ್ರಾಂ 1,700 ಕೊಟ್ಟು, "ವಹಿವಾಟು ಯಶಸ್ವಿ" ಎಂದು ತೋರಿಸಿತು. ಅಧ್ಯಾಪಕರು ಅದನ್ನು ಮುಚ್ಚಿಹಾಕದೆ, "ಆ ಐವತ್ತು ರೂಪಾಯಿ ಈಗ ಯಾರ ಕೈಯಲ್ಲಿದೆ?" ಎಂದು ಕೇಳಿ ಸುಮ್ಮನೆ ನಿಂತರು. ನೂರರ ಹ್ಯಾಂಡ್ಲರ್‌ನ ಮುಂದೆ ಯಾರೂ ಇರಲಿಲ್ಲವಾದ್ದರಿಂದ ಉಳಿಕೆ ಸದ್ದಿಲ್ಲದೆ ಬಿದ್ದುಹೋಗಿತ್ತು. ಸರಪಳಿಗೆ ಒಪ್ಪಿಸಿದ ಕೋರಿಕೆಯನ್ನು ಯಾರಾದರೂ ನಿರ್ವಹಿಸಿಯೇ ತೀರುತ್ತಾರೆಂಬ ಖಾತರಿ ಈ ಪ್ಯಾಟರ್ನ್‌ನಲ್ಲಿ ಇಲ್ಲವೆಂಬುದನ್ನು, ಹಾಗಾಗಿ ತುದಿಯಲ್ಲಿ ಎಕ್ಸೆಪ್ಶನ್ ಎಸೆಯುವ (ತಪ್ಪಾಗಿದೆ ಎಂದು ಸಾರುವ) ಹ್ಯಾಂಡ್ಲರ್ ಒಂದನ್ನು ಕೂರಿಸಬೇಕೆಂಬುದನ್ನು ಇದಕ್ಕಿಂತ ಚೆನ್ನಾಗಿ ಹೇಳಿಕೊಡುವುದು ಕಷ್ಟ.

ಒಂದು ಆಕ್ಷೇಪವಿದೆ. ಎಟಿಎಂನಲ್ಲಿ ಪ್ರತಿಯೊಬ್ಬರೂ ತಮ್ಮ ಪಾಲಿನ ಕೆಲಸ ಮಾಡಿ ಉಳಿದದ್ದನ್ನು ಮುಂದಕ್ಕೆ ದಾಟಿಸುತ್ತಾರೆ. ವೆಬ್ ತಂತ್ರಾಂಶಕ್ಕೆ ಬರುವ ಕೋರಿಕೆಗಳನ್ನು ಒಂದಾದ ಮೇಲೊಂದರಂತೆ ಪರಿಶೀಲಿಸುವ ಜಾವಾ ಸರ್ವ್ಲೆಟ್ ಫಿಲ್ಟರ್‌ಗಳ ಬಗೆಯೂ ಹೆಚ್ಚುಕಡಿಮೆ ಇದೇ. ಮೂಲ ಪ್ಯಾಟರ್ನ್‌ನಲ್ಲಿಯಾದರೋ ಸಮರ್ಥನಾದ ಒಬ್ಬ ಸಿಕ್ಕಿದ ಕೂಡಲೇ ಕೋರಿಕೆಯ ಪ್ರಯಾಣ ಅಲ್ಲಿಗೆ ನಿಲ್ಲುತ್ತದೆ. ವಿರಾಮದಲ್ಲಿ ಕೇಳಿದಾಗ ಅಧ್ಯಾಪಕರು ಒಪ್ಪಿಕೊಂಡರು, ಆದರೆ ತರಗತಿಗೆ ಅದನ್ನು ತಿಳಿಸಲಿಲ್ಲ.

ನನ್ನ ಉದ್ರಿಯ ಸಮಸ್ಯೆ ಈ ಎರಡನೆಯ ಬಗೆಯದು. 25,000 ರೂಪಾಯಿವರೆಗೆ ಗುಮಾಸ್ತರು, ಒಂದು ಲಕ್ಷದವರೆಗೆ ಮ್ಯಾನೇಜರ್, ಅದರಾಚೆಗೆ ಮಾಲೀಕರು. ಮರುದಿನವೇ ಕೂತು ಅದನ್ನು ಮೂರು ಕ್ಲಾಸುಗಳಾಗಿ (ಪ್ರೋಗ್ರಾಂನ ಪ್ರತ್ಯೇಕ ಘಟಕಗಳಾಗಿ) ಬರೆದೆ. ನಿಜ ಹೇಳಬೇಕೆಂದರೆ ಬರೀ ಮೂರು ಹಂತಗಳಿಗೆ ಅಚ್ಚುಕಟ್ಟಾದ ಇಫ್-ಎಲ್ಸ್ ಸಾಕಿತ್ತು. ಆದರೆ ಎರಡು ವಾರಗಳ ಬಳಿಕ ಮಾಲೀಕರ ಮಗ ಅಂಗಡಿಗೆ ಬಂದು ಕೂತು, ಮೂರು ಲಕ್ಷದವರೆಗೆ ಒಪ್ಪಿಗೆ ಕೊಡುವ ಅಧಿಕಾರ ಪಡೆದಾಗ, ಹಳೆಯ ಕ್ಲಾಸುಗಳ ಒಂದಕ್ಷರವನ್ನೂ ಮುಟ್ಟದೆ ಹೊಸದೊಂದನ್ನು ಬರೆದು, ಸರಪಳಿ ಜೋಡಿಸುವಲ್ಲಿ ಮ್ಯಾನೇಜರ್ ಮತ್ತು ಮಾಲೀಕರ ನಡುವೆ ಸೇರಿಸಿದರೆ ಕೆಲಸ ಮುಗಿಯಿತು. ಯಾವ ಉದ್ರಿ ಯಾರ ಬಳಿ ನಿಂತಿತೆಂದು ತಿಳಿಯಲು ಪ್ರತಿ ಕೊಂಡಿಯಲ್ಲೂ ಲಾಗ್ (ನಡೆದದ್ದರ ದಾಖಲೆ) ಬರೆಯಬೇಕಾಯಿತು. ಇದರ ಬಗ್ಗೆ ತರಗತಿಯಲ್ಲಿ ಒಂದು ಮಾತಾದರೂ ಬರಬೇಕಿತ್ತು.

ಕೇಂದ್ರದ ಆಡಳಿತಕ್ಕೆ ಇಷ್ಟು ಅಂಕ ಕೊಡಲಾರೆ. ಪ್ರಮಾಣಪತ್ರದಲ್ಲಿ ನನ್ನ ಹೆಸರು ತಪ್ಪಾಗಿ ಅಚ್ಚಾಗಿದೆ. ಸ್ವಾಗತ ಮೇಜಿನವರು ಸಂಯೋಜಕರನ್ನು ಕೇಳಿ ಎನ್ನುತ್ತಾರೆ, ಸಂಯೋಜಕರು ಬೆಂಗಳೂರಿನ ಕಚೇರಿಗೆ ಬರೆಯಿರಿ ಎನ್ನುತ್ತಾರೆ, ಅಲ್ಲಿಂದ ಬರುವ ಉತ್ತರ ಸ್ವಾಗತ ಮೇಜಿನವರನ್ನು ಸಂಪರ್ಕಿಸಿ ಎಂಬುದೇ. ಕೊನೆಯ ಕೊಂಡಿಯನ್ನು ಮೊದಲನೆಯದಕ್ಕೇ ಸಿಕ್ಕಿಸಿದರೆ ಪ್ರೋಗ್ರಾಂ ಸುತ್ತುತ್ತಲೇ ಇರುತ್ತದೆಂದು ಇವರೇ ಕಲಿಸಿದ್ದರು.

ಇಂಟರ್‌ಫೇಸ್ ಮತ್ತು ಇನ್‌ಹೆರಿಟೆನ್ಸ್ ಚೆನ್ನಾಗಿ ಗೊತ್ತಿರುವವರು ಧಾರಾಳವಾಗಿ ಸೇರಬಹುದು, ಜಾವಾ ಈಗಷ್ಟೇ ಕಲಿಯುತ್ತಿರುವವರಿಗೆ ಈ ವೇಗ ಹಿಡಿಯುವುದಿಲ್ಲ. ಲ್ಯಾಪ್‌ಟಾಪ್ ನೀವೇ ತರಬೇಕು; ಕೊಠಡಿಯಲ್ಲಿ ಪ್ಲಗ್ ಪಾಯಿಂಟ್‌ಗಳು ಆರೇ ಇರುವುದರಿಂದ ಒಂಬತ್ತೂವರೆಯೊಳಗೆ ಹೋದವರಿಗೆ ಮಾತ್ರ ಗೋಡೆಯ ಪಕ್ಕದ ಜಾಗ ಸಿಗುತ್ತದೆ.