ತರಗತಿಗೆ ಮಕ್ಕಳ ಪುಸ್ತಕ ಹುಡುಕುವವರಿಗೆ: ಹಲವು ವರ್ಷ ಸ್ಟೋರಿವೀವರ್ ಬಳಸಿದ ಮೇಲೆ

ಪ್ರಾಥಮಿಕ ತರಗತಿಯ ಮಕ್ಕಳಿಗೆ ಓದಿಸೋಕೆ ಹಲವು ವರ್ಷಗಳಿಂದ ಸ್ಟೋರಿವೀವರ್ ಅನ್ನೋ ಜಾಲತಾಣ ಬಳಸುತ್ತಿದ್ದೇನೆ. ಇಂಟರ್‌ನೆಟ್‌ನಲ್ಲಿ ಮಕ್ಕಳ ಪುಸ್ತಕ ಎಲ್ಲಿ ಸಿಗುತ್ತೆ ಅಂತ ಯಾರಾದರೂ ಶಿಕ್ಷಕರು ಕೇಳಿದರೆ ಮೊದಲು ಇದನ್ನೇ ತೋರಿಸುತ್ತೇನೆ. ಪುಸ್ತಕ ಜಾಸ್ತಿ ಇರೋ ಜಾಗ ಬೇರೆಯೂ ಇವೆ. ಆದರೆ ಇಳಿಸಿಕೊಂಡು, ಪ್ರಿಂಟ್ ಹಾಕಿ, ಬೇಕಾದರೆ ತಿದ್ದಿ ಮಕ್ಕಳ ಕೈಗೆ ಕೊಡಬಹುದು ಅನ್ನೋ ಅನುಮತಿ ಇಷ್ಟು ಸ್ಪಷ್ಟವಾಗಿ ಸಿಗೋದು ಅಪರೂಪ.

ಗೊತ್ತಿಲ್ಲದವರಿಗೆ ಸ್ವಲ್ಪ ಹಿನ್ನೆಲೆ. ಪ್ರಥಮ್ ಬುಕ್ಸ್ ಸಂಸ್ಥೆ 2015ರ ಸೆಪ್ಟೆಂಬರ್ 8ರಂದು, ಅಂತರರಾಷ್ಟ್ರೀಯ ಸಾಕ್ಷರತಾ ದಿನದಂದೇ, ಇದನ್ನು ಶುರು ಮಾಡಿತು. ಈಗ 300ಕ್ಕೂ ಹೆಚ್ಚು ಭಾಷೆಗಳ ಕಥೆಗಳಿವೆ, ಎಲ್ಲ ಉಚಿತ. ಹೆಚ್ಚಿನವು ಸಿಸಿ ಬಿವೈ 4.0 ಅನ್ನೋ ಮುಕ್ತ ಪರವಾನಗಿಯಲ್ಲಿವೆ. ಅಂದರೆ ನಕಲು ಮಾಡಬಹುದು, ಹಂಚಬಹುದು, ಬದಲಿಸಬಹುದು; ಬರೆದವರು, ಚಿತ್ರ ಬಿಡಿಸಿದವರು, ಅನುವಾದಿಸಿದವರ ಹೆಸರು ಮಾತ್ರ ಬಿಡುವ ಹಾಗಿಲ್ಲ. ಬದಲಿಸಿದ್ದರೆ ಅದನ್ನೂ ಹೇಳಬೇಕು. ಆ ವಿವರವೆಲ್ಲ ಪಿಡಿಎಫ್‌ನ ಕೊನೆಯ ಪುಟಗಳಲ್ಲಿ ಇರುತ್ತೆ. ಕಾಗದ ಉಳಿಸೋಕೆ ಅಂತ ಆ ಪುಟ ಕಿತ್ತುಹಾಕಬೇಡಿ.

ಈ ಅನುಮತಿಯ ಬೆಲೆ ನನಗೆ ಅರ್ಥವಾಗಿದ್ದು ದುಡ್ಡು ಕೊಟ್ಟು ಓದೋ ಒಂದು ಆ್ಯಪ್ ಬಳಸಿದಾಗ. ನೋಡೋಕೆ ತುಂಬಾ ಚೆನ್ನಾಗಿತ್ತು, ಪುಸ್ತಕಗಳೂ ಒಳ್ಳೆಯವೇ. ಆದರೆ ಯಾವುದನ್ನೂ ಇಳಿಸಿಕೊಳ್ಳೋ ಹಾಗಿರಲಿಲ್ಲ, ಇಂದು ಕಂಡ ಪುಸ್ತಕ ಮುಂದಿನ ತಿಂಗಳು ಪಟ್ಟಿಯಲ್ಲೇ ಇರುತ್ತಿರಲಿಲ್ಲ, ವಾರದ ಪಾಠಕ್ಕೆ ಅಂತ ಆರಿಸಿಟ್ಟಿದ್ದು ಪಾಠದ ದಿನ ಮಾಯ. ಅದಕ್ಕಿಂತ ಬೇಜಾರಾಗಿದ್ದು ಅಲ್ಲಿನ ನಕ್ಷತ್ರಗಳ ಲೆಕ್ಕ. ಪುಸ್ತಕ ಮುಗಿಸಿದರೆ ನಕ್ಷತ್ರ, ಹಾಗಾಗಿ ಮಕ್ಕಳು ಓದೋದು ಬಿಟ್ಟು ಪುಟ ಸರಿಸೋದರಲ್ಲೇ ಚುರುಕಾದರು. ಓದಿನ ಖುಷಿಗೆ ಬೇರೆ ಬಹುಮಾನ ಯಾಕೆ ಬೇಕು?

ಸ್ಟೋರಿವೀವರ್‌ನಲ್ಲಿ ಪುಸ್ತಕಗಳನ್ನು ನಾಲ್ಕು ಹಂತ ಮಾಡಿದ್ದಾರೆ. ಒಂದನೆಯದು ಈಗಷ್ಟೇ ಓದು ಶುರು ಮಾಡಿದವರಿಗೆ, 250 ಪದದೊಳಗೆ. ಎರಡನೆಯದು ಗೊತ್ತಿರೋ ಪದ ಗುರುತಿಸಿ, ಹೊಸದನ್ನು ಯಾರಾದರೂ ಸಹಾಯ ಮಾಡಿದರೆ ಓದುವವರಿಗೆ, 600 ಪದದೊಳಗೆ. ಮೂರು ಅಂದರೆ ತಾವೇ ಓದಿಕೊಳ್ಳೋರಿಗೆ, 1500ರವರೆಗೆ. ಅದಕ್ಕಿಂತ ದೊಡ್ಡದು ನಾಲ್ಕನೆಯದು, ಸರಾಗವಾಗಿ ಓದುವವರಿಗೆ. ಇವನ್ನು ಒಂದನೇ ತರಗತಿ, ಎರಡನೇ ತರಗತಿ ಅಂತ ದಯವಿಟ್ಟು ಓದಿಕೊಳ್ಳಬೇಡಿ. ಒಂದೇ ತರಗತಿಯಲ್ಲಿ ನಾಲ್ಕೂ ಹಂತದ ಮಕ್ಕಳು ಇರ್ತಾರೆ, ಅಲ್ವಾ?

ಇನ್ನೊಂದು ಮಾತು, ಕನ್ನಡ ಓದಿಸೋರು ಗಮನಿಸಲೇಬೇಕಾದ್ದು. ಪದಗಳ ಎಣಿಕೆ ಕನ್ನಡಕ್ಕೆ ಅಷ್ಟು ಚೆನ್ನಾಗಿ ಹೊಂದೋದಿಲ್ಲ. ನಮ್ಮಲ್ಲಿ ಪ್ರತ್ಯಯಗಳೆಲ್ಲ ಪದಕ್ಕೇ ಅಂಟಿಕೊಳ್ಳುತ್ತವೆ, ಹಾಗಾಗಿ ಪದ ಕಡಿಮೆ ಇದ್ದರೂ ಒಂದೊಂದೂ ಉದ್ದ. ಅದರ ಮೇಲೆ ಒತ್ತಕ್ಷರ. ಕಾಗುಣಿತ ಕಲಿತು ಒತ್ತಕ್ಷರ ಇನ್ನೂ ಕೈಗೆ ಸಿಗದ ಮಗುವಿಗೆ ಹಂತ ಒಂದರ ಕಥೆಯೇ ಕಷ್ಟ ಆಗಬಹುದು, ಹಂತ ಎರಡರ ಇನ್ನೊಂದು ಕಥೆ ಸಲೀಸಾಗಿ ಹೋಗಬಹುದು. ಅದಕ್ಕೆ ನಾನು ಪ್ರತಿ ಪುಸ್ತಕವನ್ನೂ ಮೊದಲು ಗಟ್ಟಿಯಾಗಿ ಓದಿ, ಒತ್ತಕ್ಷರ ಎಷ್ಟಿವೆ, ಪುಟಕ್ಕೆ ಎಷ್ಟು ಸಾಲು, ಒಂದೇ ಸಾಲು ಮತ್ತೆ ಮತ್ತೆ ಬರುತ್ತಾ ಅಂತ ಒಂದು ಪಟ್ಟಿ ಬರೆದಿಡುತ್ತೇನೆ. ಮತ್ತೆ ಮತ್ತೆ ಬರೋ ಸಾಲಿರುವ ಕಥೆ ಸಿಕ್ಕರೆ ಬಿಡಬೇಡಿ. ಅಕ್ಷರ ಕೂಡಿಸಿ ತಡವರಿಸೋ ಮಗು ಕೂಡ ಆ ಸಾಲು ಬಂದಾಗ ಎಲ್ಲರ ಜೊತೆ ಗಟ್ಟಿಯಾಗಿ ಹೇಳುತ್ತೆ, ಆಮೇಲೆ ಅದೇ ಸಾಲನ್ನು ಪುಟದಲ್ಲಿ ಬೆರಳಿಟ್ಟು ತೋರಿಸುತ್ತೆ.

ಮಗುವಿಗೆ ಪುಸ್ತಕ ಹೊಂದುತ್ತಾ ಅಂತ ನೋಡೋಕೆ ಹಳೆಯ ಐದು ಬೆರಳಿನ ಉಪಾಯ ಇವತ್ತಿಗೂ ಸಾಕು. ಒಂದು ಪುಟ ಓದಿಸಿ, ಗೊತ್ತಾಗದ ಪ್ರತಿ ಪದಕ್ಕೂ ಒಂದು ಬೆರಳು ಮಡಚಲಿ. ಐದೂ ಮಡಚಿದರೆ ಆ ಪುಸ್ತಕವನ್ನು ನೀವೇ ಓದಿ ಹೇಳಿ. ಪುಟಕ್ಕೆ ಒಂದೆರಡು ಸಾಲು ಮಾತ್ರ ಇರೋ ಪುಸ್ತಕಕ್ಕೆ ಈ ಲೆಕ್ಕ ಬೇಡ.

ಇಲ್ಲಿ ಯಾರು ಬೇಕಾದರೂ ಅನುವಾದ ಮಾಡಿ ಪ್ರಕಟಿಸಬಹುದು. ಇಷ್ಟು ಭಾಷೆಗಳು ಸೇರಿದ್ದೇ ಇದರಿಂದ. ಆದರೆ ಎಲ್ಲ ಕಡೆಯೂ ಆಗೋ ಹಾಗೆ, ಬಾಗಿಲು ತೆರೆದಿಟ್ಟಲ್ಲಿ ಬರವಣಿಗೆಯ ಗುಣಮಟ್ಟ ಒಂದೇ ಸಮ ಇರೋದಿಲ್ಲ. ಮೂಲ ಭಾಷೆಯ ವಾಕ್ಯ ಹಾಗೇ ಇಳಿದುಬಂದಿದ್ದರೆ ಗಟ್ಟಿಯಾಗಿ ಓದುವಾಗ ನಾಲಿಗೆಗೇ ಗೊತ್ತಾಗುತ್ತೆ. ಪ್ರಕಾಶಕರ ಹೆಸರು ಇರೋ ಪುಸ್ತಕಗಳಿಂದಲೇ ಶುರು ಮಾಡಿ, ಆ ಫಿಲ್ಟರ್ ಅಲ್ಲೇ ಇದೆ. ವಾಕ್ಯ ಸರಿ ಇಲ್ಲ ಅನ್ನಿಸಿದರೆ ತಿದ್ದಿ ಓದಿಸೋಕೂ ಪರವಾನಗಿ ಇದೆ.

ಬಳಸೋ ರೀತಿ ಬಗ್ಗೆ ಒಂದೆರಡು ಮಾತು. ಇಡೀ ತರಗತಿಗೆ ಫೋನ್ ಪರದೆ ತೋರಿಸಿ ಓದಬೇಡಿ, ಹಿಂದೆ ಕೂತವರಿಗೆ ಏನೂ ಕಾಣಲ್ಲ. ಪ್ರೊಜೆಕ್ಟರ್ ಇದ್ದರೆ ಸರಿ, ಇಲ್ಲದಿದ್ದರೆ ಪ್ರಿಂಟ್ ಹಾಕಿ ಗುಂಪಿಗೆ ಒಂದರಂತೆ ಕೊಡಿ. ಕಪ್ಪು ಬಿಳುಪು ಪ್ರಿಂಟ್ ಆದರೆ ಹಿನ್ನೆಲೆ ಬಿಳಿಯಾಗಿರೋ ಪುಸ್ತಕ ಆರಿಸಿ. ರಾತ್ರಿ, ಕಾಡು, ಸಮುದ್ರದ ಪುಟಗಳಲ್ಲಿ ಅಕ್ಷರವೇ ಮುಳುಗಿಹೋಗುತ್ತೆ. ಸಾಲು ಓದುತ್ತಾ ಪದಕ್ಕೆ ಬಣ್ಣ ಬರೋ ರೀಡ್‌ಅಲಾಂಗ್ ವಿಡಿಯೊಗಳೂ ಇವೆ, ಚೆನ್ನಾಗಿವೆ. ಆದರೆ ಟೀಚರ್ ಎದುರಿಗೆ ನಿಂತು ಓದಿದಾಗ ಮಗು ನಡುವೆ ತಡೆದು ಪ್ರಶ್ನೆ ಕೇಳುತ್ತೆ, ವಿಡಿಯೊಗೆ ಹಾಗೆ ಕೇಳೋಕಾಗಲ್ಲ.

ಬೇರೆ ತಾಣಗಳಲ್ಲಿ ನಾನು ಆಗಾಗ ಹೋಗೋದು ಆಫ್ರಿಕನ್ ಸ್ಟೋರಿಬುಕ್ ಮತ್ತು ಬ್ಲೂಮ್ ಲೈಬ್ರರಿಗೆ. ಎರಡರಲ್ಲೂ ಮುಕ್ತ ಪರವಾನಗಿಯ ಚಿತ್ರಪುಸ್ತಕಗಳಿವೆ, ಬ್ಲೂಮ್‌ನಲ್ಲಿ ಪುಸ್ತಕ ತಯಾರಿಸೋ ಸಾಫ್ಟ್‌ವೇರ್ ಕೂಡ ಸಿಗುತ್ತೆ. 1971ರಲ್ಲಿ ಶುರುವಾದ ಪ್ರಾಜೆಕ್ಟ್ ಗುಟೆನ್‌ಬರ್ಗ್ ಹಳೆಯ ಪುಸ್ತಕಗಳ ದೊಡ್ಡ ಖಜಾನೆ, ಆದರೆ ಹಳೆಯ ಕಾಲದ ಇಂಗ್ಲಿಷ್, ಚಿಕ್ಕ ಮಕ್ಕಳ ಕೈಗೆ ಕೊಡೋಕೆ ಕಷ್ಟ. ಇನ್ನು ಫೋನ್ ಗುಂಪುಗಳಲ್ಲಿ ಅನುಮತಿ ಇಲ್ಲದೆ ಹರಿದಾಡೋ ಸ್ಕ್ಯಾನ್ ಪಿಡಿಎಫ್‌ಗಳನ್ನು ನಾನು ತೆಗೆದುಕೊಳ್ಳೋದಿಲ್ಲ. ಬರೆಯೋರಿಗೆ, ಚಿತ್ರ ಬಿಡಿಸೋರಿಗೆ ಅದರಿಂದ ಏನೂ ಸಿಗಲ್ಲ, ಹಾಗಾದರೆ ಮುಂದಿನ ಪುಸ್ತಕ ಯಾರು ಮಾಡ್ತಾರೆ?

ಸ್ಟೋರಿವೀವರ್‌ನ ಚಿತ್ರಗಳ ಸಂಗ್ರಹಕ್ಕೆ ಬೇರೆಯೇ ಮೆಚ್ಚುಗೆ. ಕಥೆ ಬಿಟ್ಟು ಚಿತ್ರಗಳನ್ನಷ್ಟೇ ಆರಿಸಿ, ಅವಕ್ಕೆ ಮಕ್ಕಳ ಕೈಯಲ್ಲೇ ಸಾಲು ಬರೆಸಿ ಪುಸ್ತಕ ಮಾಡಬಹುದು. ಬರೆಯೋಕೆ ಹಿಂಜರಿಯೋ ಮಕ್ಕಳಿಗೆ ಚಿತ್ರ ಎದುರಿಗಿದ್ದರೆ ಮಾತು ಹೊರಡುತ್ತೆ.

ನನಗೆ ಇದು ಎಲ್ಲಕ್ಕಿಂತ ಹೆಚ್ಚು ಉಪಯೋಗವಾಗಿದ್ದು ದೊಡ್ಡ ತರಗತಿಗೆ ಬಂದರೂ ಓದು ಕೂಡಿಬರದ ಮಕ್ಕಳ ಜೊತೆ. ಅವರಿಗೆ ಪುಟ್ಟ ಮರಿಗಳ ಕಥೆ ಕೊಟ್ಟರೆ ಅವಮಾನ ಆಗುತ್ತೆ, ಪಕ್ಕದವರು ನೋಡ್ತಾರೆ ಅಂತ ಪುಸ್ತಕ ಮುಚ್ಚಿಬಿಡ್ತಾರೆ. ಅಂಥವರಿಗೆ ವಿಜ್ಞಾನ, ಯಂತ್ರ, ಪ್ರಾಣಿಗಳ ಬಗ್ಗೆ ಇರೋ ಹಂತ ಎರಡರ ಪುಸ್ತಕ ಹುಡುಕಿ. ಸಾಲು ಚಿಕ್ಕದು, ವಿಷಯ ಅವರ ವಯಸ್ಸಿನದು. ಪ್ರಿಂಟ್ ಹಾಕಿದ ಮೇಲೆ ಹಂತದ ಸಂಖ್ಯೆ ಎಲ್ಲಿ ಕಂಡರೂ ಅದರ ಮೇಲೆ ಬಿಳಿ ಚೀಟಿ ಅಂಟಿಸಿ ಕೊಡಿ.