ಬಯೋಡೇಟಾದ ಕಾಲಂ ಹಿಡಿದು ಎಟಿಮಾನ್‌ಲೈನ್‌ವರೆಗೆ

ನನ್ನದು ಡಿಟಿಪಿ ಅಂಗಡಿ. ಮದುವೆ ಬಯೋಡೇಟಾ ಟೈಪ್ ಮಾಡಿ ಮಾಡಿ ಬೆರಳಿಗೇ ಬಾಯಿಪಾಠ ಆಗಿದೆ: ರಾಶಿ, ನಕ್ಷತ್ರ, ಗೋತ್ರ, ಎತ್ತರ, ಕಾಂಪ್ಲೆಕ್ಷನ್. ಎಣ್ಣೆಗೆಂಪು ಇದ್ದರೂ 'ಫೇರ್' ಅಂತ ಹಾಕಿಸುತ್ತಾರೆ. ಗೋಧಿ ಬಣ್ಣಕ್ಕೆ 'ವೀಟಿಶ್'. ಕಪ್ಪಗಿದ್ದರೆ ಆ ಸಾಲೇ ಇರುವುದಿಲ್ಲ.

ಗಿರಾಕಿ ಇಲ್ಲದ ಒಂದು ಮಧ್ಯಾಹ್ನ, ಈ ಕಾಂಪ್ಲೆಕ್ಷನ್ ಪದ ಎಲ್ಲಿಂದ ಬಂತು ಅಂತ ಸುಮ್ನೆ ಹುಡುಕಿದೆ. ಸಿಕ್ಕಿದ್ದು ಎಟಿಮಾನ್‌ಲೈನ್. ಇಂಗ್ಲಿಷ್ ಪದಗಳ ಹುಟ್ಟು ಹೇಳುವ ಆನ್‌ಲೈನ್ ನಿಘಂಟು, ಅಮೆರಿಕದ ಡಗ್ಲಸ್ ಹಾರ್ಪರ್ ಶುರು ಮಾಡಿದ್ದು. ಪದ ಹುಡುಕೋಕೆ ದುಡ್ಡು ಕೊಡಬೇಕಿಲ್ಲ.

ಪುಟ ತೆರೆದರೆ ಮೊದಲೇ 'ಮಿಡ್-14ಸಿ' ಅಂತಿತ್ತು. ಇದೇನು ಉಷ್ಣಾಂಶವಾ ಅಂದುಕೊಂಡೆ! 14ನೇ ಶತಮಾನದ ನಡುಭಾಗ ಅಂತ ಆಮೇಲೆ ಹೊಳೆಯಿತು. ಆಗ ಈ ಪದಕ್ಕೆ ಮೈಬಣ್ಣದ ಅರ್ಥವೇ ಇರಲಿಲ್ಲ. ಲ್ಯಾಟಿನ್‌ನಲ್ಲಿ 'ಪ್ಲೆಕ್ಟೆರೆ' ಅಂದರೆ ಹೆಣೆಯುವುದು, ಜಡೆ ಹೆಣೀತಾರಲ್ಲ ಹಾಗೆ. ಈ ಪದದ ಬೇರು ಅಲ್ಲಿದೆ. ಯುರೋಪಿನ ಹಳೇ ವೈದ್ಯರ ಲೆಕ್ಕದಲ್ಲಿ ಮೈಯೊಳಗೆ ರಕ್ತ, ಕಫ, ಹಳದಿ ಪಿತ್ತ, ಕಪ್ಪು ಪಿತ್ತ ಅಂತ ನಾಲ್ಕು ರಸ. ಅವು ಯಾರಲ್ಲಿ ಹೇಗೆ ಬೆರೆತಿವೆಯೋ ಅದೇ ಅವರ ಕಾಂಪ್ಲೆಕ್ಷನ್. 'ಅವನದು ಪಿತ್ತ ಪ್ರಕೃತಿ' ಅಂತ ನಾವೂ ಹೇಳ್ತೀವಿ, ಅಲ್ವಾ? ಹೆಚ್ಚುಕಮ್ಮಿ ಅದೇ. ಒಳಗಿನ ಬೆರಕೆ ಮುಖದಲ್ಲಿ ಕಾಣುತ್ತದೆ ಅಂತ ನಂಬಿದ್ದರು. ಹಾಗೇ 15ನೇ ಶತಮಾನದಲ್ಲಿ ಆ ಹೆಸರು ಮುಖದ ಬಣ್ಣಕ್ಕೂ ಅಂಟಿಕೊಂಡಿತು.

'ಫೇರ್' ಕೂಡ ನೋಡಿದೆ. ಮೊದಲಿನ ಅರ್ಥ ಚೆಂದ ಅಷ್ಟೇ. ಬಿಳುಪು ಆಮೇಲೆ ಬಂದು ಸೇರಿಕೊಂಡಿದ್ದು.

ಕಥೆ ಎಳೆಯದೆ ಕೆಲವೇ ಸಾಲಲ್ಲಿ ವಿಷಯ ಮುಗಿಸುವುದು ನನಗೆ ಹಿಡಿಸಿತು. ಕನ್ನಡದಲ್ಲಿಲ್ಲ, ಸಂಕ್ಷೇಪಗಳೂ ಜಾಸ್ತಿ. ಪಿಯುಸಿ ಇಂಗ್ಲಿಷಿನ ನನ್ನಂಥವರು ಪಕ್ಕದಲ್ಲಿ ಇನ್ನೊಂದು ಡಿಕ್ಷನರಿ ಇಟ್ಟುಕೊಂಡೇ ಕೂರಬೇಕು. ಆದರೂ ಒಂದು ಪದ ನೋಡಲು ಹೋದವನು ಎರಡು ಗಂಟೆ ಅಲ್ಲೇ ಇದ್ದೆ. ಚಹಾ ಆರಿ ಕೆನೆ ಕಟ್ಟಿತ್ತು.

ಮಾರನೇ ದಿನ ಮಗಳ ಬಯೋಡೇಟಾ ಮಾಡಿಸಲು ಬಂದ ಯಜಮಾನರಿಗೆ ಇದನ್ನೆಲ್ಲ ಹೇಳಿದೆ. ಅವರು ಕನ್ನಡಕ ತೆಗೆದು ನನ್ನನ್ನೇ ನೋಡಿದರು.

"ನಮ್ಮ ಹುಡುಗಿದು ಪಿತ್ತ ಜಾಸ್ತಿನೇ ಸಾರ್. ಅದು ಮದುವೆ ಆದ್ಮೇಲೆ ಗೊತ್ತಾಗಲಿ. ನೀವು ಫೇರ್ ಅಂತಾನೇ ಹಾಕಿ."